ಮಧ್ಯಾಹ್ನದ ಊಟವೂ ಮೈಯ ತೂಕವೂ

ಪೈರಿಗೆ ಗೊಬ್ಬರವನ್ನು ಬೇಕಾದಷ್ಟೇ ಹಾಕಬೇಕೆಂಬುದನ್ನು ನಮ್ಮ ಬೇಸಾಯಗಾರರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಯೂರಿಯಾ ಹೆಚ್ಚಾದರೆ ಭತ್ತದ ಪೈರು ಕಪ್ಪೇರಿ, ಸೊಕ್ಕಿ ಬೆಳೆದು, ಕಾಳು ಬಲಿಯುವುದಕ್ಕೆ ಮೊದಲೇ ನೆಲಕ್ಕೆ ಒರಗುತ್ತದೆ. ರೋಗವೂ ಹುಳುವೂ ಅಂತಹ ಗದ್ದೆಯನ್ನೇ ಹುಡುಕಿಕೊಂಡು ಬರುತ್ತವೆ. ಪೈರಿನ ವಿಷಯದಲ್ಲಿ ಇಷ್ಟು ಚೆನ್ನಾಗಿ ಬಲ್ಲ ನಾವು ನಮ್ಮ ದೇಹದ ವಿಷಯದಲ್ಲಿ ಮಾತ್ರ ಈ ನ್ಯಾಯವನ್ನು ಮರೆತಿರುವುದು ಆಶ್ಚರ್ಯಕರವಾದುದು. ಗ್ರಾಮದ ಯಜಮಾನರೂ ಜಮೀನುದಾರರೂ ಈಚೆಗೆ ಮೈಯಲ್ಲಿ, ಮುಖ್ಯವಾಗಿ ಹೊಟ್ಟೆಯ ಭಾಗದಲ್ಲಿ, ಬೆಳೆಯುತ್ತಿರುವರು. ಇದನ್ನು ಐಶ್ವರ್ಯದ ಲಕ್ಷಣವೆಂದು ಎಣಿಸುವ ಕಾಲವು ಹೋಯಿತೆಂದು ಹೇಳುವುದೇ ಈ ಲೇಖನದ ಉದ್ದೇಶ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಪರಿಶೀಲನೆಯ ಪ್ರಕಾರ, ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯುಂಟು; ವಯಸ್ಕರಲ್ಲಿ ನೂರಕ್ಕೆ 39ಕ್ಕೂ ಹೆಚ್ಚು ಮಂದಿಗೆ ಹೊಟ್ಟೆಯ ಬೊಜ್ಜುಂಟು. ಇದು ಪಟ್ಟಣವಾಸಿಗಳ ಕಾಯಿಲೆಯೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅದೇ ಪರಿಶೀಲನೆಯಲ್ಲಿ ಗ್ರಾಮಾಂತರದ ವಯಸ್ಕರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಸಕ್ಕರೆ ಕಾಯಿಲೆ ಕಂಡುಬಂದಿದೆ. ಕಾಲಿನ ಕೀಲುನೋವು, ರಕ್ತದ ಒತ್ತಡ, ಹೃದಯದ ಬೇನೆ ಇವುಗಳೂ ಬೊಜ್ಜಿನ ಬೆನ್ನುಹತ್ತಿ ಬರತಕ್ಕವು. ಮನೆಯ ಯಜಮಾನನು ಐವತ್ತನೆಯ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಆಸ್ಪತ್ರೆಯ ವೆಚ್ಚಕ್ಕಾಗಿ ಜಮೀನೇ ಅಡವು ಬೀಳುವುದು ಎಲ್ಲರೂ ಬಲ್ಲ ಸಂಗತಿ.

ಇದಕ್ಕೆ ಕಾರಣವೇನು? ಹಿಂದಿನವರು ನಮಗಿಂತ ಕಡಿಮೆ ಉಣ್ಣುತ್ತಿದ್ದರೆ? ಇಲ್ಲ, ಅವರು ಹೊಟ್ಟೆತುಂಬ ಉಂಡರು, ಉಂಡುದನ್ನು ಮೈಮುರಿದು ಕರಗಿಸಿದರು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ನಿಷ್ಕರ್ಷೆ ಮಾಡಿರುವಂತೆ, ಕಠಿಣ ದುಡಿಮೆಯ ಗಂಡಸಿಗೆ ದಿನಕ್ಕೆ 3470 ಕ್ಯಾಲೊರಿಗಳಷ್ಟು ಆಹಾರ ಬೇಕು. ಕುಳಿತು ಕೆಲಸಮಾಡುವವನಿಗೆ 2110 ಸಾಕು. ಹೆಂಗಸರಿಗೆ ಇದೇ ಲೆಕ್ಕವು 2720 ಮತ್ತು 1660. ನೇಗಿಲು ಹಿಡಿದು ಬೆಳಗಿನಿಂದ ಉತ್ತವನಿಗೂ, ಟ್ರಾಕ್ಟರಿನವನಿಗೆ ಹೇಳಿಕಳುಹಿಸಿ ಬದುವಿನ ಮೇಲೆ ನಿಂತು ನೋಡುವವನಿಗೂ ಇರುವ ಅಂತರವು ಇಷ್ಟೆ. ಇಂದು ಕಣದಲ್ಲಿ ಯಂತ್ರವು ಒಕ್ಕುತ್ತದೆ. ಪಂಪು ಮನೆಯಿಂದಲೇ ಚಾಲೂ ಆಗುತ್ತದೆ. ಹೊಲಕ್ಕೆ ಹೋಗುವುದು ಮೋಟಾರು ಸೈಕಲ್ಲಿನ ಮೇಲೆ. ಭುಜದಿಂದ ನೊಗವು ಇಳಿಯಿತು. ಎಲೆಯ ಮೇಲಿನ ಊಟವು ಮಾತ್ರ ಇಳಿಯಲಿಲ್ಲ.

ಹಿಟ್ಟು ತಿಂದವನು ಬೆಟ್ಟ ಕಿತ್ತಾನೆಂಬುದು ನಮ್ಮ ಹಿರಿಯರ ಮಾತು. ಮಾತು ಸತ್ಯವೇ. ಆದರೆ ಹಿಟ್ಟು ತಿಂದು ಬೆಟ್ಟವನ್ನು ಕೀಳದೆ ಜಗಲಿಯ ಮೇಲೆ ಒರಗುವವನಿಗೆ ಆ ಹಿಟ್ಟೇ ಹೊಟ್ಟೆಯಲ್ಲಿ ಬೆಟ್ಟವಾಗುವುದು.

ಊಟದ ಪ್ರಮಾಣಕ್ಕಿಂತಲೂ ಅದರ ಹದವು ಕೆಟ್ಟಿರುವುದು ಹೆಚ್ಚು ಯೋಚಿಸತಕ್ಕ ವಿಷಯ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳಿರುತ್ತಿದ್ದುವು. ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಬದುವಿನ ಬಳಿ ಸೊಪ್ಪು, ಹೀರೆ, ಸೋರೆ. ಹೊಲದಲ್ಲಿ ಇದ್ದುದೇ ಅಡುಗೆಮನೆಗೂ ಬರುತ್ತಿದ್ದುದರಿಂದ, ಯಾರೂ ಲೆಕ್ಕ ಹಾಕದೆಯೇ ಎಲೆಯ ಮೇಲೆ ಧಾನ್ಯ, ಕಾಳು, ಸೊಪ್ಪು ಮೂರೂ ಸೇರುತ್ತಿದ್ದುವು. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿಯಿತು. 1933ರಲ್ಲಿ ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ಭತ್ತವೂ ಕಬ್ಬೂ ಹಬ್ಬಿದುವು. ಆ ನೀರಿನಿಂದ ಸಾವಿರಾರು ಸಂಸಾರಗಳು ಉದ್ಧಾರವಾದುವೆಂಬುದರಲ್ಲಿ ಸಂದೇಹವಿಲ್ಲ, ಅದನ್ನು ದೂರತಕ್ಕದ್ದಲ್ಲ. ಆದರೆ ಒಂದೇ ಬೆಳೆಯ ಹೊಲವಿದ್ದಲ್ಲಿ ಊಟವೂ ಒಂದೇ ಬೆಳೆಯದಾಗುವುದು ಸಹಜ. ಹೊಲದಿಂದ ಅಕ್ಕಡಿ ಹೋದಂತೆ ಎಲೆಯಿಂದಲೂ ಅಕ್ಕಡಿ ಹೋಯಿತು. ಈಗ ಮುದ್ದೆಯ ಮೇಲೆ ಅನ್ನ, ಅನ್ನದ ಮೇಲೆ ಅನ್ನ. ಬೇಳೆ ಸಾರಿನಲ್ಲಿ ಹುಡುಕುವಷ್ಟು. ಪಲ್ಯ ಎಲೆಯ ಮೂಲೆಯಲ್ಲಿ ಶಾಸ್ತ್ರಕ್ಕೆ.

ಅನುಕೂಲವಂತರ ಮನೆಯ ಒಂದು ಮಧ್ಯಾಹ್ನದ ಊಟವನ್ನು ಲೆಕ್ಕ ಹಾಕೋಣ. 100 ಗ್ರಾಂ ಹಿಟ್ಟಿನ ಮುದ್ದೆ ಎರಡು, 640 ಕ್ಯಾಲೊರಿ. 150 ಗ್ರಾಂ ಅಕ್ಕಿಯ ಅನ್ನ, 530. ತುಪ್ಪ ಮತ್ತು ಒಗ್ಗರಣೆಯ ಎಣ್ಣೆ ಸೇರಿ 30 ಗ್ರಾಂ, 270. ಸಾರಿನ ಬೇಳೆ 25 ಗ್ರಾಂ, 80. ಹಪ್ಪಳ, ಸಿಹಿಗಳನ್ನು ಬಿಟ್ಟರೂ 1500ಕ್ಕೆ ಮೇಲಾಯಿತು. ದಿನಕ್ಕೆ 2110 ಸಾಕಾದವನಿಗೆ ಈ ಒಂದೇ ಹೊತ್ತಿನಲ್ಲಿ ಮುಕ್ಕಾಲು ಭಾಗ ಸಂದಾಯವಾದಂತಾಯಿತು. ಬೆಳಗಿನ ಇಡ್ಲಿ, ಸಂಜೆಯ ಕಾಫಿ ಬೋಂಡ, ರಾತ್ರಿಯ ಊಟ ಇವೆಲ್ಲವೂ ಬಡ್ಡಿಯ ಹಾಗೆ ಮೈಮೇಲೆ ಏರತಕ್ಕವು.

ಇದಕ್ಕೆ ನಮ್ಮ ಸಲಹೆಯು ನಾಲ್ಕು ಮಾತಿನದು: ಧಾನ್ಯವು ಅರ್ಧ, ಬೇಳೆಕಾಳು ಇಮ್ಮಡಿ, ಸೊಪ್ಪು ತರಕಾರಿ ಧಾರಾಳ, ಎಣ್ಣೆ ತುಪ್ಪ ಅರ್ಧ. ಅಂದರೆ ಮುದ್ದೆ ಒಂದು, ಅನ್ನ 75 ಗ್ರಾಂ ಅಕ್ಕಿಯದು, ಬೇಳೆಕಾಳು 50 ಗ್ರಾಂ, ಸೊಪ್ಪು ತರಕಾರಿ 200 ಗ್ರಾಂ, ಎಣ್ಣೆ ತುಪ್ಪ 15 ಗ್ರಾಂ, ಕೊನೆಗೆ ಒಂದು ಲೋಟ ನೀರುಮಜ್ಜಿಗೆ. ಇದು ಸುಮಾರು 1000 ಕ್ಯಾಲೊರಿಗಳಾಗುವುದು, ಹೊಟ್ಟೆಯೂ ತುಂಬುವುದು. ದಿನಕ್ಕೆ 500ರಷ್ಟು ಉಳಿತಾಯವಾಗಿ, ಉಳಿದ ಹೊತ್ತುಗಳಲ್ಲಿ ಅದನ್ನು ತುಂಬಿಕೊಳ್ಳದಿದ್ದರೆ, ವಾರಕ್ಕೆ ಹೆಚ್ಚೆಂದರೆ ಅರ್ಧ ಕಿಲೋ ತೂಕ ಇಳಿಯುವುದು. ಅದಕ್ಕಿಂತ ಅವಸರ ಕೂಡದು. ಮೊದಲನೆಯ ತಿಂಗಳಲ್ಲಿ ಧಾನ್ಯವನ್ನು ಕಾಲುಭಾಗ ಮಾತ್ರ ತಗ್ಗಿಸಿ, ಎರಡನೆಯ ತಿಂಗಳಲ್ಲಿ ಇನ್ನು ಕಾಲುಭಾಗ ತಗ್ಗಿಸುವುದು ಮೇಲು.

ಹೊಸ ಅಡುಗೆಯನ್ನು ಯಾರೂ ಕಲಿಯಬೇಕಾದುದಿಲ್ಲ. ನಮ್ಮಲ್ಲಿ ಇರುವುವೇ ಸಾಕು:

(1) ಬಸ್ಸಾರು. ತೊಗರಿಬೇಳೆಯನ್ನಾಗಲಿ ಹೆಸರುಕಾಳನ್ನಾಗಲಿ ಸೊಪ್ಪಿನೊಡನೆ ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡಿ, ಉಳಿದುದನ್ನು ಪಲ್ಯ ಮಾಡತಕ್ಕದ್ದು. ವಾಡಿಕೆಯಲ್ಲಿ ಮುದ್ದೆ ದೊಡ್ಡದು, ಪಲ್ಯ ಚಿಕ್ಕದು. ಇದನ್ನು ತಿರುಗಿಸಿ, ಮುದ್ದೆಗಿಂತ ಪಲ್ಯವೇ ದೊಡ್ಡದಾಗುವಂತೆ ಬಡಿಸಬೇಕು.

(2) ಮೊಳಕೆ ಕಟ್ಟಿದ ಹುರುಳಿಕಾಳಿನ ಸಾರು, ಒಂದು ಬಟ್ಟಲು ಅನ್ನ, ಹೆಸರುಬೇಳೆಯ ಸೌತೆಕಾಯಿ ಕೋಸಂಬರಿ. ಹುರುಳಿಯನ್ನು ದನದ ಮೇವೆಂದು ಹೀಗಳೆಯಬಾರದು. ಅದರಲ್ಲಿ ತೊಗರಿಬೇಳೆಯಷ್ಟೇ, ಎಂದರೆ ನೂರು ಗ್ರಾಮಿಗೆ ಸುಮಾರು 21 ಗ್ರಾಂ, ಸಸಾರಜನಕವುಂಟು.

(3) ಉತ್ತರದ ಜಿಲ್ಲೆಗಳಲ್ಲಿ ಜೋಳದ ರೊಟ್ಟಿ ಎರಡು, ಮಡಿಕೆಕಾಳಿನ ಪಲ್ಯ, ಹಸಿಯ ಮೆಂತ್ಯೆಸೊಪ್ಪು, ಸೌತೆಕಾಯಿ, ಮೊಸರು. ಎಣ್ಣೆಗಾಯಿಯನ್ನು ವಾರಕ್ಕೊಮ್ಮೆ ಮಾಡಿದರೆ ಸಾಕು.

(4) ಕರಾವಳಿಯಲ್ಲಿ ಕುಚ್ಚಲಕ್ಕಿಯ ಅನ್ನ ಮಿತವಾಗಿ, ಹೆಸರುಕಾಳು ಹಾಕಿದ ಬಸಳೆ. ಮಲೆನಾಡಿನಲ್ಲಿ ಒಂದೆಲಗದ ತಂಬುಳಿ ಮತ್ತು ಕಾಳಿನ ಪಲ್ಯ. ಎರಡೆಡೆಯೂ ತೆಂಗಿನಕಾಯಿಗೆ ಹಿಡಿತವಿರಬೇಕು.

(5) ಮಾಗಿಯ ಕಾಲದಲ್ಲಿ ಹಸಿಯ ಅವರೆಕಾಳಿನ ಸಾರು. ಆ ದಿನಗಳಲ್ಲಿ ಕಾಳೇ ಊಟವೆಂದೂ, ಮುದ್ದೆಯು ಅದಕ್ಕೆ ನಂಚಿಕೆಯೆಂದೂ ತಿಳಿಯತಕ್ಕದ್ದು.

ಬಡಿಸುವ ಕ್ರಮದಲ್ಲಿಯೂ ಒಂದು ಉಪಾಯವುಂಟು. ಮೊದಲು ಕೋಸಂಬರಿ, ಪಲ್ಯಗಳನ್ನು ಬಡಿಸಿ, ಅವನ್ನು ಉಂಡು ಮುಗಿಸಿದ ಮೇಲೆ ಮುದ್ದೆಯನ್ನೂ ಅನ್ನವನ್ನೂ ಇಡಬೇಕು. ಅರ್ಧ ತುಂಬಿದ ಹೊಟ್ಟೆಯು ಎರಡನೆಯ ಸಲಕ್ಕೆ ಕೈ ನೀಡುವುದಿಲ್ಲ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದಾದುದರಿಂದ ಉಪ್ಪಿನಕಾಯಿ, ಹಪ್ಪಳಗಳನ್ನು ಹಬ್ಬಕ್ಕೆ ಇಟ್ಟುಕೊಳ್ಳುವುದು ಲೇಸು.

ಇಲ್ಲಿ ಕೆಲವು ಆಕ್ಷೇಪಣೆಗಳು ಬರುವುದುಂಟು. ರಾಗಿಯು ಸಕ್ಕರೆ ಕಾಯಿಲೆಗೆ ಮದ್ದು, ಎಷ್ಟು ತಿಂದರೂ ಬಾಧಕವಿಲ್ಲವೆಂದು ಕೆಲವರು ಹೇಳುವರು. ರಾಗಿಯು ಶ್ರೇಷ್ಠವೆಂಬುದು ನಿಜ. ನೂರು ಗ್ರಾಮಿನಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣಾಂಶವೂ 11 ಗ್ರಾಂ ನಾರೂ ಇರುವುವು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ರಾಗಿಗೆ 320, ಅಕ್ಕಿಗೆ 356, ಅಂತರ ಅಲ್ಪ. ನವಣೆ, ಸಾಮೆಗಳಿಗೂ ಇದೇ ಮಾತು ಸಲ್ಲುವುದು. ಸಿರಿಧಾನ್ಯವೆಂಬ ಹೆಸರಿನಿಂದ ಮಿತಿಯು ಮನ್ನಾ ಆಗುವುದಿಲ್ಲ.

ಉಪವಾಸದಿಂದಲೇ ಬೇಗನೆ ತೂಕವಿಳಿಸಬಹುದಲ್ಲವೇ ಎಂದು ಮತ್ತೆ ಕೆಲವರ ವಾದ. ಹಗಲೆಲ್ಲ ಉಪವಾಸವಿದ್ದು ಸಂಜೆ ಫಲಾಹಾರವೆಂಬ ಹೆಸರಿನಲ್ಲಿ ಅವಲಕ್ಕಿ, ಕರಿದ ತಿಂಡಿ, ಸಿಹಿಗಳನ್ನು ಇಮ್ಮಡಿಯಾಗಿ ತಿನ್ನುವುದರಿಂದ ಬಂದ ಲಾಭವೇನು? ವ್ರತವು ದೇವರಿಗೆ ಸಂಬಂಧಿಸಿದುದು, ಅದನ್ನು ಬಿಡಬೇಕೆಂದು ಹೇಳುತ್ತಿಲ್ಲ. ಮೈಯ ತೂಕಕ್ಕೆ ದಿನದಿನದ ಮಿತಿಯೇ ದಾರಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರೂ, ಮೂತ್ರಪಿಂಡದ ತೊಂದರೆಯುಳ್ಳವರೂ ವೈದ್ಯರನ್ನು ಕೇಳದೆ ಊಟವನ್ನು ಮಾರ್ಪಡಿಸಕೂಡದು. ಗರ್ಭಿಣಿ ಬಾಣಂತಿಯರಿಗೂ, ಬೆಳೆಯುವ ಮಕ್ಕಳಿಗೂ, ಬಿಸಿಲಿನಲ್ಲಿ ಮೈಮುರಿದು ದುಡಿಯುವ ಆಳುಕಾಳುಗಳಿಗೂ ಈ ಕಡಿತವು ಅನ್ವಯಿಸುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿ ಮಿತಿಮೀರಿದ ತೂಕದವರೆಂದು ಕಂಡುಬಂದರೆ, 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧ ಮಂದಿಗೆ ರಕ್ತಹೀನತೆಯುಂಟೆಂದೂ ಕಂಡುಬಂದಿತು. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಅತಿಯೂ ಕೊರತೆಯೂ ಜೊತೆಯಾಗಿವೆ. ಯಜಮಾನರು ತಮ್ಮ ಅನ್ನವನ್ನು ಕಡಿಮೆ ಮಾಡಿಕೊಂಡುದು ಸಾರ್ಥಕವಾಗಬೇಕಾದರೆ, ಕೊನೆಗೆ ಉಣ್ಣುವ ಹೆಂಗಸರಿಗೂ ಕಾಳು ಸೊಪ್ಪುಗಳು ಉಳಿಯುವಂತೆ ನೋಡಿಕೊಳ್ಳಬೇಕು.

ಗ್ರಾಮದ ಮುಖಂಡರಿಂದ ಈ ವಿಷಯದಲ್ಲಿ ಆಗತಕ್ಕ ಕೆಲಸಗಳು ಮೂರು. ಮೊದಲನೆಯದು, ಮಳೆಯಾಶ್ರಯದ ರಾಗಿಯ ಹೊಲದಲ್ಲಿ ಅಕ್ಕಡಿಯನ್ನು ತಿರುಗಿ ತರುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 8 ಸಾಲು ರಾಗಿಗೆ 2 ಸಾಲು ತೊಗರಿಯನ್ನು ಶಿಫಾರಸು ಮಾಡಿದೆ. ತೊಗರಿಯ ಬೇರು ನೆಲಕ್ಕೆ ಸಾರಜನಕವನ್ನೂ ಸೇರಿಸುವುದು. ನೀರಾವರಿಯವರು ಕೊಳವೆಬಾವಿಯ ಹತ್ತಿರ ಎರಡು ಗುಂಟೆಯನ್ನಾದರೂ ಮನೆಯ ಸೊಪ್ಪು ತರಕಾರಿಗೆಂದು ಬಿಡಬೇಕು. ಎರಡನೆಯದು, ಮದುವೆ, ಜಾತ್ರೆಗಳ ಪಂಕ್ತಿಯಲ್ಲಿ ಬಲವಂತದ ಬಡಿಸುವಿಕೆಯನ್ನು ನಿಲ್ಲಿಸುವುದು. ಸಾಕೆಂದು ಕೈ ಅಡ್ಡ ಹಿಡಿದವನ ಎಲೆಗೆ ಅನ್ನ ಸುರಿಯುವುದು ಉಪಚಾರವಲ್ಲ. ಯಜಮಾನರೇ ಮೊದಲು ಸಾಕೆಂದರೆ ಪಂಕ್ತಿಯಲ್ಲಿ ಉಳಿದವರಿಗೂ ಸಂಕೋಚವಿಲ್ಲದೆ ಸಾಕೆನ್ನಲು ಅನುವಾಗುವುದು. ಮೂರನೆಯದು, ತಮ್ಮನ್ನು ತಾವೇ ಅಳೆದುಕೊಳ್ಳುವುದು. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನೂ ಹೆಂಗಸರದು 80ನ್ನೂ ಮೀರಬಾರದೆಂದು ನಮ್ಮ ದೇಶದ ವೈದ್ಯರು ನಿರ್ಣಯಿಸಿರುವರು. ಟೇಪು ಇಲ್ಲದ ಮನೆಯಲ್ಲಿ ಉಡಿದಾರವೇ ಸಾಕ್ಷಿ; ವರ್ಷಕ್ಕೊಮ್ಮೆ ಅದನ್ನು ಸಡಿಲಿಸಬೇಕಾಗಿ ಬರುತ್ತಿದ್ದರೆ ಊಟವನ್ನು ಬಿಗಿಮಾಡಬೇಕೆಂದು ತಿಳಿಯತಕ್ಕದ್ದು.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಸಹಾಯಧನವು ಬೇಕಾದುದಿಲ್ಲ, ಕಚೇರಿಗೆ ಅಲೆಯಬೇಕಾದುದಿಲ್ಲ. ಈ ಮುಂಗಾರಿನಲ್ಲಿ ಎರಡು ಸಾಲು ತೊಗರಿಯನ್ನೂ, ನಾಳೆಯ ಮಧ್ಯಾಹ್ನ ಒಂದು ಸೌಟು ಕಡಿಮೆ ಅನ್ನವನ್ನೂ ವಾಚಕರು ಪರೀಕ್ಷಿಸಿ ನೋಡಬೇಕಾಗಿ ಪ್ರಾರ್ಥಿಸುತ್ತೇವೆ. ಆರು ತಿಂಗಳ ಮೇಲೆ ಕಣದಲ್ಲಿ ತೊಗರಿಯನ್ನು ಅಳೆಯುವಾಗ, ಜೊತೆಗೆ ಸೊಂಟವನ್ನೂ ಒಮ್ಮೆ ಅಳೆದುಕೊಂಡರೆ, ಇದರ ಫಲವೇನೆಂಬುದು ತಾನಾಗಿಯೇ ತಿಳಿದುಬರುವುದು.