ತರಬೇತಿ ಅಂಗನವಾಡಿಯ ಚಾಪೆಗೂ ಇಳಿಯಲಿ



ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮ ಆರಂಭಿಸಿ, ದೇಶದ ಅಂಗನವಾಡಿ ಕಾರ್ಯಕರ್ತೆಯರಿಗೆ ಮೂರು ದಿನಗಳ ತರಬೇತಿ ಕೊಡಲು ಹೊರಟಿತು. ಮರುವರ್ಷ ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ‘ಆಧಾರಶಿಲಾ’ ಪಠ್ಯಕ್ರಮವೂ ಬಂತು. ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಶಿಕ್ಷಣ ಸಿಗಬೇಕೆಂಬುದು ಈ ಕಾರ್ಯಕ್ರಮದ ಆಶಯ. ನಾನಿದನ್ನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಆ ಎರಡು ಗಂಟೆಯನ್ನು ಕಾರ್ಯಕರ್ತೆ ಎಲ್ಲಿಂದ ತರಬೇಕು? ಹಾಜರಿ, ತೂಕ, ಎತ್ತರ ಎಲ್ಲವನ್ನೂ ಮೊಬೈಲ್‌ನ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ತುಂಬಬೇಕು. ಸುಬ್ರಹ್ಮಣ್ಯದ ಸುತ್ತಲಿನ ಕಾಡಂಚಿನ ಊರುಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಯಿತು. ಮಕ್ಕಳು ಕಾಯುತ್ತಾ ಕೂರುತ್ತಾರೆ.

ಜೊತೆಗೆ ಭಾಷೆಯ ಸವಾಲೂ ಇದೆ. ಇಲ್ಲಿ ತುಳು, ಅರೆಭಾಷೆ, ಕನ್ನಡದ ಮನೆಗಳ ಮಕ್ಕಳು ಒಂದೇ ಚಾಪೆಯಲ್ಲಿರುತ್ತಾರೆ. ನಮ್ಮ ಹತ್ತಿರದ ಅಂಗನವಾಡಿಯಲ್ಲಿ ಟೀಚರ್ ಹಾಳೆತಟ್ಟೆಗೆ ಹುಣಸೆಬೀಜ, ಅಡಿಕೆ ಸುರಿದು ಬೇರೆ ಮಾಡಲು ಹೇಳಿದರು. ಸುಮ್ಮನೆ ಕೂತಿದ್ದ ಹುಡುಗಿಗೆ ಅದನ್ನೇ ತುಳುವಿನಲ್ಲಿ ಹೇಳಿದ್ದೇ ತಡ, ಎರಡೂ ಕೈ ಹಾಕಿದಳು, ಎಣಿಸಿಯೂ ತೋರಿಸಿದಳು. ಇಂಥ ಜಾಣ್ಮೆ ಸಭಾಭವನದ ಮೂರು ದಿನಗಳಲ್ಲಿ ಬೆಳೆಯುವಂಥದ್ದಲ್ಲ.

ಆದ್ದರಿಂದ ಮೇಲ್ವಿಚಾರಕಿಯರು ತಿಂಗಳಿಗೊಮ್ಮೆಯಾದರೂ ರಿಜಿಸ್ಟರ್ ಬದಿಗಿಟ್ಟು, ಅರ್ಧ ದಿನ ಮಕ್ಕಳ ಜೊತೆ ಕುಳಿತು ಪಾಠ ನೋಡಲಿ. ಮಾಸಿಕ ಸಭೆಯಲ್ಲಿ ವರದಿ ಕೇಳುವುದಕ್ಕಿಂತ ಮೊದಲು ಕಾರ್ಯಕರ್ತೆಯರು ಪರಸ್ಪರ ಆಟ, ಹಾಡು, ಕಥೆ ಹಂಚಿಕೊಳ್ಳಲು ಒಂದು ಗಂಟೆ ಸಿಗಲಿ. ಮೊಬೈಲ್ ಕೆಲಸ ಮಕ್ಕಳು ಮನೆಗೆ ಹೋದ ಮೇಲಿರಲಿ. ಅದಕ್ಕೆ ತಕ್ಕ ಗೌರವಧನವೂ ಬೇಕು. ಜಿಲ್ಲಾಡಳಿತ ಈ ಮಳೆಗಾಲದಲ್ಲೇ ಕಡಬ ತಾಲ್ಲೂಕಿನಿಂದ ಇದನ್ನು ಆರಂಭಿಸಲಿ.

– ಓರ್ವ ತಾಯಿ, ಸುಬ್ರಹ್ಮಣ್ಯ