ಒಡೆದ ವಾದ್ಯ, ಉಳಿದ ನಾದ

ಸಂಗೀತವೆಂಬುದು ಬಾಲ್ಯದಿಂದಲೇ ಗುರುಮುಖೇನ ಕಲಿಯಬೇಕಾದ ವಿದ್ಯೆ. ಹಾಗೆ ಕಲಿಯದವನು ದೂರ ಕುಳಿತು ಕೇಳಬಹುದೇ ಹೊರತು ವಾದ್ಯವನ್ನು ಮುಟ್ಟಲಾಗದು ಎಂಬ ಭಾವನೆ ನಮ್ಮ ವಿದ್ಯಾರ್ಥಿವೃಂದದಲ್ಲಿ ಆಳವಾಗಿ ಬೇರೂರಿದೆ. ಸಂಗೀತಸ್ಪರ್ಧೆಗೆ ಹೆಸರು ಕೊಡುವವರು ವರ್ಷವರ್ಷವೂ ಅದೇ ನಾಲ್ಕೈದು ಮಂದಿ. ಉಳಿದ ನಾವೆಲ್ಲ ಚಪ್ಪಾಳೆ ತಟ್ಟಲೆಂದೇ ಹುಟ್ಟಿದವರು! ಈ ಭಾವನೆ ಎಷ್ಟರಮಟ್ಟಿಗೆ ಸರಿ? ಇದನ್ನು ಪರಿಶೀಲಿಸಲು ದೂರದೇಶದ ಒಂದು ನಿದರ್ಶನವನ್ನು ವಾಚಕರ ಮುಂದಿಡುತ್ತೇನೆ. ಆತ ಪಾಲ್ ಸಿಮೊನನ್; ೧೯೭೬ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ದಿ ಕ್ಲ್ಯಾಷ್’ ಎಂಬ ಪಂಕ್ ರಾಕ್ ಮೇಳದ ಬೇಸ್ ವಾದಕ.

ಪಂಕ್ ಎಂದೊಡನೆ ಗದ್ದಲ, ಹರಿದ ಉಡುಪು, ಒರಟು ಮಾತು ಇವು ನೆನಪಿಗೆ ಬರುವುದು ಸಹಜ. ಇರಲಿ. ಆ ಗದ್ದಲದ ತಳಕ್ಕೆ ಕಿವಿಗೊಟ್ಟರೆ ಅಲ್ಲಿ ಗಂಭೀರವಾದ ಒಂದು ನಾದ ನಡೆಯುತ್ತಿರುತ್ತದೆ. ಮನೆಗೆ ತಳಪಾಯವಿದ್ದಂತೆ ಮೇಳಕ್ಕೆ ಬೇಸ್. ಕಣ್ಣಿಗೆ ಬೀಳುವುದು ಗೋಡೆ, ಕಿಟಕಿ. ಭಾರ ಹೊರುವುದು ತಳಪಾಯ.

ಮೊದಲು ವಾದ್ಯದ ವಿಷಯ. ಹಿಂದೆ ಪಾಶ್ಚಾತ್ಯ ಮೇಳಗಳಲ್ಲಿ ಈ ಕೆಲಸ ಮಾಡುತ್ತಿದ್ದುದು ಸಾಮಾನ್ಯವಾಗಿ ಆಳೆತ್ತರದ ಡಬಲ್ ಬೇಸ್. ಅದನ್ನು ಹೊತ್ತು ತಿರುಗುವುದೇ ಒಂದು ಸಾಹಸ. ಸಾಲದ್ದಕ್ಕೆ ಅದಕ್ಕೆ ಮೆಟ್ಟಿಲುಗಳಿಲ್ಲ. ಬೆರಳು ಸ್ವಲ್ಪ ಸರಿದರೂ ಸ್ವರ ಕೆಡುತ್ತದೆ. ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ಎಂಬಾತ ೧೯೫೧ರಲ್ಲಿ ಮೆಟ್ಟಿಲುಗಳುಳ್ಳ, ಗಿಟಾರಿನಂತೆ ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದ. ಸ್ವರ ಕರಾರುವಾಕ್ಕಾಗಿ ನಿಲ್ಲುತ್ತದೆಂಬ ಕಾರಣಕ್ಕೆ ಅದಕ್ಕೆ ‘ಪ್ರಿಸಿಷನ್’ ಎಂದು ಹೆಸರಿಟ್ಟ. ಈ ಫೆಂಡರನು ಮೂಲತಃ ರೇಡಿಯೊ ದುರಸ್ತಿ ಮಾಡುತ್ತಿದ್ದವನು. ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಈ ವಾದ್ಯಕ್ಕೆ ನಾಲ್ಕು ದಪ್ಪ ತಂತಿಗಳು. ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ತಂತಿಗಳ ಕೆಳಗೆ ಅಯಸ್ಕಾಂತಗಳೂ ಅವುಗಳ ಸುತ್ತ ನವಿರಾದ ತಾಮ್ರದ ತಂತಿಯ ಸುರುಳಿಗಳೂ ಇವೆ. ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಸಾಮಾನು. ಹಾಗಾದರೆ ಒಬ್ಬನ ನಾದ ಮತ್ತೊಬ್ಬನಿಗೆ ಏಕೆ ಬರುವುದಿಲ್ಲ? ನನ್ನ ವಾದ ಆರಂಭವಾಗುವುದು ಇಲ್ಲಿಂದ.

ಸಿಮೊನನ್ ಹುಟ್ಟಿದ್ದು ೧೯೫೫ರಲ್ಲಿ. ಆತ ಕಲಿಯುತ್ತಿದ್ದುದು ಚಿತ್ರಕಲೆ, ಲಂಡನ್ನಿನ ಬೈಅಮ್ ಷಾ ಕಲಾಶಾಲೆಯಲ್ಲಿ. ಮಿಕ್ ಜೋನ್ಸ್ ಎಂಬ ಗಿಟಾರ್ ವಾದಕ ಮೇಳಕ್ಕೆ ಕರೆದಾಗ ಸಿಮೊನನ್‌ನಿಗೆ ಯಾವ ವಾದ್ಯವೂ ಬರುತ್ತಿರಲಿಲ್ಲ. ಗಿಟಾರ್ ಕಲಿಸಲು ನೋಡಿದರು, ಕೈ ಓಡಲಿಲ್ಲ. ನಾಲ್ಕೇ ತಂತಿಯ ಬೇಸನ್ನು ಕೊಟ್ಟರು. ಆತ ಸ್ವರಗಳ ಅಕ್ಷರಗಳನ್ನು ಬೇಸಿನ ಕತ್ತಿನ ಮೇಲೆ ಬಣ್ಣದಲ್ಲಿ ಬರೆದುಕೊಂಡು, ಬೆರಳಿಡಬೇಕಾದ ಜಾಗವನ್ನು ಕಣ್ಣಿನಿಂದ ಗುರುತಿಸಿ ನುಡಿಸಿದ. ೧೯೭೬ರ ಜುಲೈ ೪ರಂದು ಷೆಫೀಲ್ಡ್ ನಗರದಲ್ಲಿ ಮೇಳದ ಮೊದಲ ಕಚೇರಿ ನಡೆಯಿತು. ಮರುವರ್ಷ ಮೊದಲ ಆಲ್ಬಮ್ ಹೊರಬಂದಿತು.

ಪಂಡಿತರು ಇದನ್ನು ಕೇಳಿ ನಗಬಹುದು. ನಗಲಿ. ಆದರೆ ಕೈ ಖಾಲಿಯಿದ್ದ ಆ ಯುವಕನ ಕಿವಿ ಖಾಲಿಯಿರಲಿಲ್ಲ. ಆತ ಬೆಳೆದದ್ದು ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಪ್ರದೇಶದಲ್ಲಿ. ಜಮೈಕಾ ಮುಂತಾದ ದ್ವೀಪಗಳಿಂದ ೧೯೪೮ರ ತರುವಾಯ ಬಂದ ಜನ ನೆಲೆಸಿದ್ದ ಆ ಬೀದಿಗಳಲ್ಲಿ ರೆಗೆ ಸಂಗೀತ ಮೊಳಗುತ್ತಿತ್ತು. ರೆಗೆಯಲ್ಲಿ ಬೇಸೇ ನಾಯಕ. ಅಲ್ಲಿ ಬೇಸ್ ಎಡೆಬಿಡದೆ ಓಡುವುದಿಲ್ಲ. ಒಂದು ಮಾತನ್ನು ಆಡಿ ಸುಮ್ಮನಾಗುತ್ತದೆ, ಆ ಮೌನವೂ ತಾಳದ ಭಾಗವಾಗುತ್ತದೆ. ಸಿಮೊನನ್ ರೆಗೆಯ ರೆಕಾರ್ಡುಗಳನ್ನು ಹಾಕಿಕೊಂಡು, ಅವುಗಳ ಜೊತೆಯಲ್ಲೇ ನುಡಿಸುತ್ತ ಕಲಿತ. ಆತನ ಗುರು ರೆಕಾರ್ಡು, ಪಾಠಶಾಲೆ ಬೀದಿ.

ಈತನ ನಾದಕ್ಕೆ ನನಗೆ ತೋರುವ ಕಾರಣಗಳು ಮೂರು. ಮೊದಲನೆಯದು, ವಾದ್ಯ. ಆರಂಭದಲ್ಲಿ ರಿಕನ್‌ಬ್ಯಾಕರ್ ಬೇಸನ್ನು ನುಡಿಸಿದ್ದರೂ ಆತ ನೆಲೆನಿಂತದ್ದು ದಪ್ಪ ದನಿಯ ಪ್ರಿಸಿಷನ್ ಮೇಲೆ. ಎರಡನೆಯದು, ಮೀಟುವ ರೀತಿ. ಬೆರಳಿನ ತುದಿಯಿಂದ ಮೀಟಿದರೆ ನಾದ ಮೆತ್ತಗಿರುತ್ತದೆ. ಆತ ಬಳಸಿದ್ದು ಗಡುಸಾದ ಪ್ಲೆಕ್ಟ್ರಮ್ ಬಿಲ್ಲೆ. ಬಿಲ್ಲೆ ತಗಲಿದಾಗ ತಂತಿಯ ಮೇಲುಸ್ವರಗಳೂ ಎಚ್ಚೆತ್ತು, ದಪ್ಪ ದನಿಗೆ ಒಂದು ಅಂಚು ಕಟ್ಟಿದಂತಾಗುತ್ತದೆ. ಎರಡು ಗಿಟಾರುಗಳ ಅಬ್ಬರದ ನಡುವೆಯೂ ಬೇಸ್ ಸ್ಪಷ್ಟವಾಗಿ ಕೇಳುವುದು ಈ ಅಂಚಿನಿಂದ. ಮೂರನೆಯದು, ಸಂಯಮ. ತನಗೆ ಬರುವುದಿಷ್ಟೇ ಎಂದು ಬಲ್ಲವನು ಅನಾವಶ್ಯಕವಾದ ಒಂದು ಸ್ವರವನ್ನೂ ಹಾಕುವುದಿಲ್ಲ. ಮೊದಲೆರಡನ್ನು ಹಣಕೊಟ್ಟು ಕೊಳ್ಳಬಹುದು, ನೋಡಿ ಅನುಕರಿಸಬಹುದು. ಮೂರನೆಯದು ಅಂಗಡಿಯಲ್ಲಿ ಸಿಕ್ಕುವುದಿಲ್ಲ.

ಇದಕ್ಕೆ ಸಾಕ್ಷಿ ‘ದಿ ಗನ್ಸ್ ಆಫ್ ಬ್ರಿಕ್ಸ್‌ಟನ್’. ೧೯೭೯ರ ಡಿಸೆಂಬರಿನಲ್ಲಿ ಬಂದ ‘ಲಂಡನ್ ಕಾಲಿಂಗ್’ ಆಲ್ಬಮ್ಮಿನಲ್ಲಿರುವ ಈ ಹಾಡನ್ನು ಬರೆದು ಹಾಡಿದವನು ಸಿಮೊನನ್ನೇ. ಮೂರು ವರ್ಷಗಳ ಹಿಂದೆ ಅಕ್ಷರ ನೋಡಿ ಬೆರಳಿಡುತ್ತಿದ್ದವನು ಇಲ್ಲಿ ಬೇಸಿನ ಒಂದು ಸರಳವಾದ ಸಾಲಿನ ಮೇಲೆ ಇಡೀ ಹಾಡನ್ನು ನಿಲ್ಲಿಸಿದ್ದಾನೆ. ಆ ಸಾಲು ಎಷ್ಟು ಗಟ್ಟಿಯೆಂದರೆ ‘ಬೀಟ್ಸ್ ಇಂಟರ್‌ನ್ಯಾಷನಲ್’ ಎಂಬ ಮತ್ತೊಂದು ಮೇಳ ಅದನ್ನೆತ್ತಿ ತನ್ನ ಹಾಡಿಗೆ ಆಧಾರವಾಗಿಸಿಕೊಂಡಿತು. ೧೯೯೦ರಲ್ಲಿ ಆ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿತು.

ಆದರೆ ಸಿಮೊನನ್ನನ ಹೆಸರು ಜಗತ್ತಿಗೆ ತಿಳಿದಿರುವುದು ನಾದದಿಂದಲ್ಲ, ಒಂದು ಛಾಯಾಚಿತ್ರದಿಂದ. ೧೯೭೯ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲೇಡಿಯಮ್ ರಂಗಮಂದಿರದಲ್ಲಿ ಕಚೇರಿ. ಪ್ರೇಕ್ಷಕರು ಎದ್ದು ಕುಣಿಯದಂತೆ ಕಾವಲಿನವರು ತಡೆದರೆಂಬ ಸಿಟ್ಟಿನಲ್ಲಿ ಆತ ತನ್ನ ಪ್ರಿಸಿಷನ್ ಬೇಸನ್ನು ನೆಲಕ್ಕೆ ಅಪ್ಪಳಿಸಿದ. ಪೆನಿ ಸ್ಮಿತ್ ಎಂಬಾಕೆ ಆ ಕ್ಷಣವನ್ನು ಸೆರೆಹಿಡಿದರು. ಚಿತ್ರ ಮಸುಕಾಗಿದೆಯೆಂದು ಅವರೇ ಹಿಂಜರಿದರೂ ಅದೇ ‘ಲಂಡನ್ ಕಾಲಿಂಗ್’ನ ಮುಖಚಿತ್ರವಾಯಿತು. ಇಂದು ಅದು ಅಂಗಿಗಳ ಮೇಲೆ, ಹಾಸ್ಟೆಲಿನ ಗೋಡೆಗಳ ಮೇಲೆ ರಾರಾಜಿಸುತ್ತಿದೆ.

ಇಲ್ಲಿ ನಾನು ಆತನ ಅಭಿಮಾನಿಗಳೊಡನೆ ಭಿನ್ನಾಭಿಪ್ರಾಯ ಹೊಂದಿದ್ದೇನೆ. ವಾದ್ಯವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಗಳಿಂದ ಬಂದ ನಮಗೆ ಆ ಚಿತ್ರ ಸ್ವಲ್ಪ ನೋವನ್ನೇ ತರಬೇಕು. ಕೋಪ ನ್ಯಾಯವಾದದ್ದಿರಬಹುದು, ಪೆಟ್ಟು ಬಿದ್ದದ್ದು ನಿರಪರಾಧಿಗೆ. ಒಡೆದ ಬೇಸನ್ನು ೨೦೧೯ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿ ಜನ ಸಾಲುಗಟ್ಟಿ ನೋಡಿದರು. ಪಾಪ, ಅದು ಇನ್ನು ನುಡಿಯದು. ಒಡೆಯುವುದಕ್ಕೆ ಒಂದು ನಿಮಿಷ ಸಾಕು. ಒಡೆಯುವ ಮುಂಚಿನ ಮೂರು ವರ್ಷಗಳ ದುಡಿಮೆಯಿಂದಲ್ಲವೆ ಆ ನಿಮಿಷಕ್ಕೆ ಬೆಲೆ ಬಂದದ್ದು? ಆ ಚಿತ್ರವನ್ನು ಎದೆಯ ಮೇಲೆ ಧರಿಸುವ ಗೆಳೆಯರು ಆ ಹಾಡನ್ನೊಮ್ಮೆ ಕೇಳಲಿ ಎಂಬುದು ನನ್ನ ಕೋರಿಕೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬೇಡ. ಇಷ್ಟು ಮಂದ್ರದ ನಾದವನ್ನು ಹೊರಡಿಸುವ ಶಕ್ತಿ ಅದಕ್ಕಿಲ್ಲ. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಲಿ.

‘ಹಾಗಾದರೆ ಅಭ್ಯಾಸವೇ ಬೇಡವೆ? ಸೋಮಾರಿಗಳಿಗೆ ಇದೊಂದು ನೆಪವಾಗದೆ?’ ಎಂದು ನಮ್ಮ ಅಧ್ಯಾಪಕರು ಕೇಳಬಹುದು. ಪ್ರಶ್ನೆ ಉಚಿತವಾದದ್ದೇ. ಆದರೆ ಬಣ್ಣದ ಆ ಅಕ್ಷರಗಳು ಸೋಮಾರಿತನದ ಗುರುತಲ್ಲ. ನಾಚಿಕೆಯನ್ನು ಬದಿಗಿಟ್ಟು ಕಲಿಯಲು ಹೊರಟವನ ಗುರುತು. ಕಲಿತು ಮುಗಿದ ಮೇಲೆ ನುಡಿಸುವೆನೆಂದರೆ ನುಡಿಸುವ ದಿನ ಬರುವುದೇ ಇಲ್ಲ. ಈಜು ಕಲಿತ ಮೇಲೆ ನೀರಿಗಿಳಿಯುವೆನೆಂದವನ ಕಥೆಯಂತೆ.

ಆದಕಾರಣ ಸಂಗೀತಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಬಲ್ಲವರಿಗೆ ಸ್ಪರ್ಧೆ ಇರಲಿ, ಬಹುಮಾನವಿರಲಿ. ಅದರ ಜೊತೆಗೆ ವಾರಕ್ಕೊಂದು ಸಂಜೆ, ಬಾರದವರಿಗಾಗಿ ಬೀರುವಿನ ಬೀಗ ತೆಗೆಯಲಿ. ಹಾರ್ಮೋನಿಯಮ್ಮಿನ ಮನೆಗಳ ಮೇಲೆ ಯಾರಾದರೂ ಸೀಮೆಸುಣ್ಣದಿಂದ ಸ-ರಿ-ಗ ಎಂದು ಬರೆದುಕೊಂಡರೆ ಗದರಿಸಬೇಡಿ. ಸೀಮೆಸುಣ್ಣ ಒರೆಸಿದರೆ ಹೋಗುತ್ತದೆ. ಮೊದಲ ದಿನ ತಿಂದ ಗದರಿಕೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.