ಮನೆಯ ಗೋಡೆಗೊಂದು ಸೀಮೆಯ ನಕ್ಷೆ

ಸರಕಾರದ ಭೂಪಟದಲ್ಲಿ ಊರೆಂದರೆ ಒಂದು ಚುಕ್ಕೆ, ದಾರಿಯೆಂದರೆ ಒಂದು ಗೆರೆ. ಆ ಚುಕ್ಕೆಯಲ್ಲಿ ಹುಟ್ಟಿ, ಆ ಗೆರೆಯ ಮೇಲೆ ನಡೆದು ಶಾಲೆ ಕಲಿತು, ಅನ್ನದ ಋಣ ಕರೆದೆಡೆಗೆ ಬಂದು ನಗರವಾಸಿಯಾದ ಗೃಹಸ್ಥನಿಗೆ ಅಷ್ಟರಿಂದ ತೃಪ್ತಿಯಾಗದು. ಅವನ ಮನಸ್ಸಿನಲ್ಲಿ ಬೇರೊಂದು ನಕ್ಷೆಯಿರುತ್ತದೆ. ಅದನ್ನು ಚಿತ್ರಸಹಿತವಾಗಿ ಕಾಗದಕ್ಕಿಳಿಸುವುದು ರಜಾದಿನಗಳಿಗೆ ಒಪ್ಪುವ ಹವ್ಯಾಸ. ಕೆಲವು ಸೀಮೆಗಳವರಿಗಂತೂ ಅದು ಹವ್ಯಾಸಕ್ಕಿಂತ ಮಿಗಿಲಾದ ಕರ್ತವ್ಯ.

ಅಂಥದೊಂದು ಸೀಮೆ ಸಾಗರ ತಾಲ್ಲೂಕಿನ ಶರಾವತಿ ಕಣಿವೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಾಗ ನಾಡಿಗೆ ಬೆಳಕು ಬಂದಿತು. ಕಣಿವೆಯ ಗದ್ದೆ, ತೋಟ, ಮನೆ, ಗುಡಿಗಳು ನೀರಿನಡಿಗೆ ಸೇರಿದವು. 1948ರಲ್ಲಿ ಸಿದ್ಧವಾಗಿದ್ದ ಮಡೆನೂರಿನ ಹಳೆಯ ಅಣೆಕಟ್ಟೂ ಆ ನೀರಿನಲ್ಲಿ ಅಡಗಿತು. ಮಳೆ ಕೊರತೆಯಾದ ಬೇಸಗೆಯಲ್ಲಿ ಅದು ಈಗಲೂ ತಲೆಯೆತ್ತುವುದುಂಟು. ಈ ಎಲ್ಲ ವೃತ್ತಾಂತಕ್ಕೆ ಅಲ್ಲಿಯ ಜನ ಇಟ್ಟ ಹೆಸರು 'ಮುಳುಗಡೆ'. ಭೂಪಟವು ಅಷ್ಟನ್ನೂ ಹೇಳದೆ ನೀಲಿಯ ಬಣ್ಣ ಬಳಿದು ಸುಮ್ಮನಾಗುತ್ತದೆ.

ಮನೆಯ ನಕ್ಷೆ ಸುಮ್ಮನಾಗಬೇಕಿಲ್ಲ. ಮೊದಲು ಸರ್ವೆ ಆಫ್ ಇಂಡಿಯಾದ ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ ಹಾಳೆಯನ್ನು ಪಡೆಯಬೇಕು. ನೆಲದ 1 ಕಿಲೋಮೀಟರು ಅದರಲ್ಲಿ 2 ಸೆಂಟಿಮೀಟರಾಗಿರುತ್ತದೆ. ಪಾರದರ್ಶಕ ಕಾಗದದ ಮೇಲೆ ಗುಡ್ಡ, ದಾರಿ, ಹಿನ್ನೀರಿನ ಅಂಚುಗಳನ್ನು ಪೆನ್ಸಿಲಿನಿಂದ ಎತ್ತಿಕೊಳ್ಳಬೇಕು. ಅಣೆಕಟ್ಟಿಗೆ ಮುಂಚಿನ ಹಳೆಯ ನಕ್ಷೆ ದೊರೆತರೆ ಹೊಳೆಯ ಮೊದಲಿನ ಪಾತ್ರವನ್ನೂ ಮುಳುಗಿದ ಊರುಗಳನ್ನೂ ತಿಳಿನೀಲಿಯೊಳಗೆ ತುಂಡುಗೆರೆಯಿಂದ ತೋರಿಸಬಹುದು.

ಇನ್ನುಳಿದದ್ದು ಹಿರಿಯರ ನೆನಪಿನಲ್ಲಿ ಮಾತ್ರ ಇದೆ. 1964ರಲ್ಲಿ ಇಪ್ಪತ್ತರ ಹರೆಯದವರಾಗಿದ್ದವರು ಇಂದು ಎಂಬತ್ತನ್ನು ದಾಟಿದ್ದಾರೆ. ಮೊಮ್ಮಗಳು ಪೆನ್ಸಿಲು ಹಿಡಿದು ಬಳಿಯಲ್ಲಿ ಕುಳಿತು, "ಅಜ್ಜಾ, ಗುಡಿಗೆ ಹೋಗುವ ದಾರಿ ಎತ್ತಲಿಂದ?" ಎಂದು ಕೇಳಿದರೆ ಸಾಕು, ಹರದಾರಿ, ಕೂಗಳತೆಗಳಲ್ಲಿ ಉತ್ತರ ಹರಿದುಬರುತ್ತದೆ. ಸಾರ ಹೊಳೆಯ ಈಚೆಗಿತ್ತೆಂದು ಅಜ್ಜ, ಆಚೆಗಿತ್ತೆಂದು ಅಜ್ಜಿ ವಾದಿಸಿದರೆ ಎರಡನ್ನೂ ಗುರುತಿಸಿಟ್ಟು ಮೂರನೆಯವರನ್ನು ಕೇಳಬೇಕು. ಈ ಮಾತುಗಳು ಬರೆಯದೆ ಉಳಿದರೆ ಸೀಮೆ ಎರಡನೆಯ ಬಾರಿ ಮುಳುಗುತ್ತದೆ. ಆ ಮುಳುಗಡೆಗೆ ಅಣೆಕಟ್ಟು ಬೇಕಾಗಿಲ್ಲ.

ಚಿತ್ರಗಳು ಹನ್ನೆರಡನ್ನು ಮೀರದಿದ್ದರೆ ಚೆನ್ನ. ನೆಲದ ದೂರಕ್ಕೆ ಪ್ರಮಾಣ ಬೇಕು, ಚಿತ್ರಕ್ಕೆ ಬೇಡ. ಮನೆಯಂಗಳದ ಅಡಕೆಯ ಚಪ್ಪರವು ಜೋಗಕ್ಕಿಂತ ದೊಡ್ಡದಾಗಿ ಕಂಡರೆ ತಪ್ಪೇನಿಲ್ಲ; ಜೋಗ ಎಲ್ಲರದು, ಚಪ್ಪರ ಆ ಮನೆಯದು. ಅಂಚಿಗೆ ಆ ಸೀಮೆಯ ದೀವರ ಹಸೆಚಿತ್ತಾರವೇ ಮಾದರಿಯಾಗಬಲ್ಲದು. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಹೆಂಗಸರು ಎಳೆಯುವ ಆ ನೇರ ಗೆರೆಗಳಿಗಿಂತ ಸೊಗಸಾದ ಚೌಕಟ್ಟನ್ನು ಅಂಗಡಿಯಲ್ಲಿ ಕೊಳ್ಳಲಾಗದು.

ಹೊಳೆಬಾಗಿಲಿನ ಕಡವಿನಲ್ಲಿ ಒಂದು ಲಾಂಚನ್ನು ಬರೆಯಲು ಮರೆಯಬಾರದು. ಹಿನ್ನೀರಿನಾಚೆಯ ತುಮರಿಯ ಕಡೆಯವರು ದಶಕಗಳ ಕಾಲ ಪೇಟೆಗೂ ಆಸ್ಪತ್ರೆಗೂ ಅದರ ಸರದಿ ಕಾದು ದಾಟಿದವರು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು. ಹೀಗೆ ಕಾಲುದಾರಿ, ಲಾಂಚು, ಸೇತುವೆ ಮೂರೂ ಅಂಗೈಯಗಲದ ಜಾಗದಲ್ಲಿ ಕೂಡುತ್ತವೆ. ಒಂದೊಂದಕ್ಕೂ ಬೇರೆ ಬಣ್ಣ ಕೊಟ್ಟು ಮೂಲೆಯಲ್ಲಿ ಅರ್ಥ ಬರೆಯಬೇಕು.

ಮಸಿ ಆರಿದ ಮೇಲೆ ಕೆಳಗೆ ಇಸವಿಯನ್ನೂ, ನೆನಪು ಹೇಳಿದವರ ಹೆಸರುಗಳನ್ನೂ ಬರೆಯುವುದು ನ್ಯಾಯ. ಒಂದೊಂದು ಪ್ರತಿ ಮುಳುಗಡೆಯಾದಾಗ ಚದರಿಹೋದ ದಾಯಾದಿಗಳ ಮನೆಗೂ ತಲಪಲಿ. ಅಲ್ಲಿಯೂ ಒಬ್ಬ ಅಜ್ಜಿ ಕನ್ನಡಕ ಏರಿಸಿಕೊಂಡು, ಯಾವುದೋ ಒಂದು ತಪ್ಪನ್ನು ತಿದ್ದಲು ಕಾದಿರುತ್ತಾಳೆ.